ಕೊಡೆಯ ಮುದುಕ, ಅಕ್ಕನ ಫೋನು

ಸಂಜೆ ಧಾರಾವಾಹಿ ಶುರುವಾಗುತ್ತಿದ್ದಂತೆ ಸಿಂಧನೂರಿನಿಂದ ನಾನು ಲಿಂಗಸೂಗೂರಿನ ಅಕ್ಕನಿಗೆ ಫೋನ್ ಹಚ್ಚುತ್ತಿದ್ದೆ. ಆಕೆ ಗಂಡನ ಮನೆಯ ಟೀವಿ ಮುಂದೆ, ನಾನು ತವರಿನ ಟೀವಿ ಮುಂದೆ. ಆ ಧಾರಾವಾಹಿಯಲ್ಲಿ ಬೇವಿನ ಮರದ ಕೆಳಗೆ ಕೊಡೆ ಹಿಡಿದು ಕೂತ ಒಬ್ಬ ಮುದುಕನಿದ್ದ. ಯಾರು, ಯಾವ ಊರು, ಗೊತ್ತಿಲ್ಲ. ಮಾತೇ ಆಡುವುದಿಲ್ಲ. ನಾಯಕಿ ದಿನಾ ಬಂದು ಅವನ ಮುಂದೆ ಗೋಳು ಹೇಳಿಕೊಂಡು ಹೋಗುತ್ತಿದ್ದಳು.

ಮೊಬೈಲಿನಲ್ಲಿ ಗೇಮ್ ಆಡಿ ಕಣ್ಣು ಹಾಳು ಮಾಡಿಕೊಂಡವಳೆಂದು ನಾನು ಮನೆಯಲ್ಲಿ ಹೆಸರುವಾಸಿ. "ಗೇಮಿನ್ಯಾಗ ಇಂಥಾ ಒಂದು ಜಾಗ ಇರ್ತದ ಅಕ್ಕಾ," ಅಂತ ವಾದಿಸುತ್ತಿದ್ದೆ. "ಅಲ್ಲಿ ಯಾವ ವೈರಿನೂ ಬರಂಗಿಲ್ಲ. ಅಲ್ಲೀತನಾ ಆಡಿದ್ದೆಲ್ಲ ಸೇವ್ ಆಗ್ತದ. ಈ ಮುದುಕ ಅಂದ್ರ ಅದಾ. ಆಕಿ ಹೇಳಿದ್ದು ಇವನ ಹತ್ರ ಭದ್ರ."

"ಅಷ್ಟು ನಂಬಬ್ಯಾಡಲೇ," ಅನ್ನುತ್ತಿದ್ದಳು ಅಕ್ಕ.

ಜಾಹೀರಾತು ಬಂದಾಗ ನನ್ನ ಗೋಳು. ನನಗೆ ಅಂಥ ಜಾಗ ಅಕ್ಕ. ಮಸ್ಕಿಯಿಂದ ನೋಡಲು ಬಂದ ಗಂಡು ನನ್ನನ್ನು ಒಲ್ಲೆ ಅಂದಾಗ, ಅವನು ನನ್ನ ಮನಸ್ಸಿಗೆ ಬಂದಿದ್ದನೆಂದು ಅವ್ವನಿಗೂ ಹೇಳದೆ ಆಕೆಗೊಬ್ಬಳಿಗೇ ಹೇಳಿ ಅತ್ತಿದ್ದೆ.

ಹೋದ ತಿಂಗಳು ಲಿಂಗಸೂಗೂರಿಗೆ ಹೋದೆ. ಬಾಗಿಲಲ್ಲೇ ಅಕ್ಕನ ಅತ್ತೆ ಕೈ ಹಿಡಿದು, "ಬಾರವಾ ಗೇಮಿನಾಕಿ! ನಿನ್ನ ಮಾತು ಕೇಳಲಿಲ್ಲಂದ್ರ ನಮಗ್ಯಾರಿಗೂ ಉಂಡಿದ್ದು ಅರಗಂಗಿಲ್ಲ," ಅಂದರು. ಅಕ್ಕನ ಮೈದುನರು ನಕ್ಕರು. ಏನೂ ತಿಳಿಯದೆ ನಾನೂ ನಕ್ಕೆ. ಅತ್ತೆ ನನ್ನ ತಲೆ ಸವರಿ, "ಆ ಮಸ್ಕಿ ಹುಡುಗನ ಸಲುವಾಗಿ ಅಳಬ್ಯಾಡ ಯವ್ವಾ, ಅವನ್ನ ಮೀರಿಸಿದವ್ನು ಸಿಗ್ತಾನ," ಅಂದರು.

ಅಕ್ಕ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಇವರಿಗೆಲ್ಲ ಹೇಗೆ ಗೊತ್ತಾಯಿತೆಂದು ಒಳಗೆ ಹೋಗಿ ಕೇಳಿದ್ದಕ್ಕೆ, ತಲೆ ಎತ್ತದೆಯೇ ಹೇಳಿದಳು:

"ಸೊಸಿ ಫೋನ್ ಹಿಡಕೊಂಡು ಮೂಲಿಗೆ ಹೋದ್ರ, ತವರಿಗೆ ಚಾಡಿ ಹೇಳಾಕತ್ತಾಳ ಅಂತಾರ. ಅದಕ ಸ್ಪೀಕರ್ ಹಾಕಿ ಎಲ್ಲಾರ ನಡುವ ಇಡ್ತೀನಿ."

"ಮೊದಲಿಂದನೂ?"

"ಹೂಂ."

ಅವಳ ಕಷ್ಟ ನನಗೆ ಅರ್ಥವಾಗದ್ದೇನಲ್ಲ. ಆದರೂ ಮೈಯೆಲ್ಲ ಉರಿಯಿತು. ಒಂದು ಸಲ "ಎಲ್ಲಾರೂ ಕೂತಾರ" ಅಂದಿದ್ದರೆ ಸಾಕಿತ್ತು. ನಾನು ಅಳುವಾಗಲೂ ಸುಮ್ಮನಿದ್ದಳಲ್ಲ! ಇದಕ್ಕೆ ಮೋಸವೆನ್ನದೆ ಬೇರೇನೂ ಅನ್ನಲಾರೆ. ಆ ಮನೆಯಲ್ಲಿ ದಿನಾ ಎರಡು ಧಾರಾವಾಹಿ ನಡೆಯುತ್ತಿದ್ದವು, ಒಂದು ನನ್ನದು.

ಸಿಂಧನೂರಿಗೆ ವಾಪಸು ಬಂದ ಮೇಲೆ ಅದೇ ಹೊತ್ತಿಗೆ ಫೋನ್ ಹಚ್ಚಿದೆ. ಆ ಕಡೆ ಯಾರೋ ಕೆಮ್ಮಿದರು. ಇಷ್ಟು ದಿನ ಅದು ಟೀವಿಯೊಳಗಿನ ಮುದುಕನ ಕೆಮ್ಮೆಂದೇ ತಿಳಿದಿದ್ದೆ.

"ಕೊಡೆಯವ ಇವತ್ತೇನು ಮಾಡ್ತಾನ ಹೇಳು," ಅಂದಳು ಅಕ್ಕ.

"ಅತ್ತೀ, ಚಾ ಆತೇನ್ರೀ?" ಅಂದೆ ನಾನು.



"ಆತವಾ, ನಿಂದು?" ಅಂದರು ಅತ್ತೆ.