ಕಪ್ಪು ಪರದೆಯಲ್ಲಿ ಬೆಳ್ಳಗಾದ ಬೆಲ್ಲ

ಇವತ್ತು ಮಂಡ್ಯದ ಬೆಲ್ಲದ ಮಂಡಿಯಲ್ಲಿ ಕಂಪ್ಯೂಟರ್ ಪರದೆಯ ಬಣ್ಣಕ್ಕೆ ಜಗಳವಾಯಿತು ಕಣ್ರಪ್ಪಾ. ಅಲ್ಲಿನ ವ್ಯಾಪಾರಕ್ಕೆ ಮುಕ್ತ ತಂತ್ರಾಂಶ ಹಾಕಿಕೊಟ್ಟವನು ನಾನೇ. ಪರದೆಯ ಹಿನ್ನೆಲೆಗೆ ಕಪ್ಪು ಥೀಮೋ ಬಿಳಿ ಥೀಮೋ, ಬಳಸುವವರು ಬೇಕಾದ್ದನ್ನು ಆರಿಸಿಕೊಳ್ಳಲಿ ಎಂದು ಇವತ್ತೇ ಸೇರಿಸಿದ್ದೆ.

ಮದ್ದೂರಿನಿಂದ ಅಚ್ಚು ಬೆಲ್ಲ ತಂದಿದ್ದ ನಿಂಗಣ್ಣ ಪರದೆಯಲ್ಲಿ ಅದರ ಫೋಟೋ ನೋಡಿ, "ಕಪ್ಪುದ್ನೇ ಮಡಗ್ಲಾ, ನನ್ ಬೆಲ್ಲ ಬೆಳ್ಳಗ್ ಕಾಣ್ತದೆ, ಒಳ್ಳೇ ರೇಟ್ ಸಿಕ್ತದೆ" ಎಂದ.

ಕೊಳ್ಳಲು ಬಂದಿದ್ದ ಮಳವಳ್ಳಿಯ ವ್ಯಾಪಾರಿ ಬಿಡಲಿಲ್ಲ. "ಬಿಳೀದ್ ಆಕಪ್ಪ, ಅಸ್ಲಿ ಬಣ್ಣ ಗೊತ್ತಾಗ್ಲಿ!"

ನಾನು ಬದಲಿಸಿ ಬದಲಿಸಿ ನೋಡಿದೆ. ಹೌದಲ್ಲ! ಅದೇ ಫೋಟೋ, ಕಪ್ಪಿನಲ್ಲಿ ಬೆಳ್ಳಗೆ, ಬಿಳಿಯಲ್ಲಿ ಮಂಕು. ಹಾಗಾದರೆ ಆರಿಸಬೇಕಾದವನು ಮಾರುವವನೋ, ಕೊಳ್ಳುವವನೋ? ಮೂವರೂ ಪರದೆಗೆ ಮೂಗು ತಾಗಿಸಿಕೊಂಡು ವಾದಿಸಿದೆವು.

ಆ ಬೆಲ್ಲ ಪಕ್ಕದ ಮೇಜಿನ ಮೇಲೇ ಇತ್ತು. ಒಬ್ಬರೂ ಅತ್ತ ತಿರುಗಿ ನೋಡಲಿಲ್ಲ.