ನಾನಿಲ್ಲದ ಫೈನಲ್

ಹತ್ತು ವರ್ಷದ ಹಿಂದಿನ ಮಾತು, ಆಗ ನನಗೆ ಅರವತ್ತೆರಡು. ವಿಶಾಖಪಟ್ಟಣದ ನಮ್ಮ ಕಾಲೊನಿ ಫುಟ್‌ಬಾಲ್ ತಂಡ ವಿಜಯವಾಡದಲ್ಲಿ ಫೈನಲ್ ಆಡುತ್ತಿತ್ತು. ನಾನು ಮನೆಯಲ್ಲಿ ಫೋನಿನ ಮುಂದೆ ಕುಳಿತಿದ್ದೆ.

ಹಿಂದಿನ ಎರಡು ವರ್ಷದ ಫೈನಲ್‌ಗೂ ಹೋಗಿ ಗಂಟಲು ಹರಿಯುವಂತೆ ಕೂಗಿದ್ದೆ. ಒಮ್ಮೆ ನಮ್ಮ ಗೋಲ್‌ಕೀಪರ್ ಕೈಗೆ ಬಂದ ಚೆಂಡನ್ನೇ ಒಳಗೆ ಬಿಟ್ಟ. ಇನ್ನೊಮ್ಮೆ ಕೊನೆಯ ಪೆನಾಲ್ಟಿಯನ್ನು ನಮ್ಮವರು ಗೋಲಿನ ಕಂಬಕ್ಕೆ ಹೊಡೆದರು. ಸೋತಿದ್ದು ಮಾತ್ರ ನನ್ನ ಕಾಲ್ಗುಣದಿಂದ ಎಂದು ಕಾಲೊನಿಯೇ ತೀರ್ಮಾನಿಸಿತು. ಆಮೇಲೆ ಒಳ್ಳೆಯ ಕೆಲಸಕ್ಕೆ ಹೊರಟವರು ನನ್ನನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ತಂಡದ ಮ್ಯಾನೇಜರ್ ನನ್ನ ಗಂಡನೇ. ರೈಲು ಹತ್ತುವ ಮುಂಚೆ, “ಈ ಸಲ ನೀ ಬರಬ್ಯಾಡ, ಗೆದ್ದು ಬರ್ತೀವಿ” ಅಂದಿದ್ದರು.

ಸಂಜೆ ಅವರ ಫೋನ್ ಬಂತು. “ಆರು ಗೋಲು ತಿಂದ್ವಿ. ನಾವು ಒಂದೂ ಹೊಡೀಲಿಲ್ಲ.”

“ಹಂಗಾರ ಇವತ್ತು ಯಾರ ಕಾಲ್ಗುಣರೀ?” ಎಂದೆ. “ನಮ್ದ ಇರಬೇಕು ಬಿಡು” ಅಂದರು.

ತಂಡ ಸೋತದ್ದಕ್ಕೆ ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಆದರೂ ಎರಡು ವರ್ಷದಲ್ಲಿ ಅವತ್ತೇ ನೆಮ್ಮದಿಯಾಗಿ ಉಂಡೆ. ಮರುದಿನ ಬೆಳಿಗ್ಗೆ ರೈಲು ಬರುವ ಮುಂಚೆ ಸ್ಟೇಷನ್ನಿಗೆ ಹೋಗಿ, ಬೋಗಿಯ ಬಾಗಿಲಿಗೆ ಎದುರಾಗಿಯೇ ನಿಂತು, ಇಳಿದ ನಮ್ಮ ತಂಡದ ಒಬ್ಬೊಬ್ಬರ ಕೈಗೂ ಇಡ್ಲಿ ಕೊಟ್ಟೆ.