ಬಾಯಮ್ಮನ ‘ಬರೆಂ’

ನಿನ್ನೆ ಆಫೀಸಿನಲ್ಲಿ ಅಲೆವೂರಿನ ಸಹೋದ್ಯೋಗಿಯೊಬ್ಬರು ನನ್ನ ಮೇಜಿನ ಮೇಲೆ ಒಂದು ಚೀಲ ಬಿಂಬುಳಿ ಕಾಯಿ ಇಟ್ಟು ಹೋದರು. ಚೀಲ ಬಿಚ್ಚಿದ್ದೇ ತಡ, ಆ ಹಸಿ ಹುಳಿಯ ವಾಸನೆಗೆ ಬಾಯಲ್ಲಿ ನೀರೂರಿತು. ಜೊತೆಗೇ ಕಲ್ಯಾಣಪುರದ ಬಾಯಮ್ಮ ನೆನಪಾದರು... ಮನೆಗೆ ಬಂದವಳೇ ಕಪಾಟಿನ ತಳದಿಂದ ಹಳೆಯ ನೋಟುಪುಸ್ತಕವನ್ನು ಹುಡುಕಿ ತೆಗೆದೆ. ಮೊದಲ ಪುಟದ ಮೊದಲ ಸಾಲು: ‘ಬಿಂಬುಳಿ, ಒಂದು ಪಾತ್ರೆ.’

ಎಂಟು ವರ್ಷಗಳ ಹಿಂದೆ ಕಾರ್ಕಳದಿಂದ ಬಂದು ಕಲ್ಯಾಣಪುರದಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಕೆಲಸ ಮಣಿಪಾಲದಲ್ಲಿ, ದಿನವಿಡೀ ಕುರ್ಚಿಯ ಮೇಲೆ. ಆ ವರ್ಷವೇ ಡಾಕ್ಟರು ರಕ್ತಪರೀಕ್ಷೆಯ ಚೀಟಿ ನೋಡಿ, ಶುಗರ್ ಶುರುವಾಗಿದೆ, ದಿನಾ ನಡೆಯಿರಿ ಎಂದರು. ನನಗಾಗ ಮೂವತ್ತೆಂಟು. ನನ್ನಮ್ಮ ಇದೇ ಕಾಯಿಲೆಯಿಂದ ಕಾಲಿನ ಎರಡು ಬೆರಳು ಕಳೆದುಕೊಂಡಿದ್ದಳು. ಹೆದರಿ ಬೂಟು ತಂದೆ, ಮೂರು ದಿನ ನಡೆದೆ. ನಾಲ್ಕನೆಯ ದಿನದಿಂದ ಬೂಟು ಬಾಗಿಲ ಬಳಿ, ನಾನು ಕುರ್ಚಿಯಲ್ಲಿ, ಹಣೆಬರಹಕ್ಕೆ ಬೈಯುತ್ತಾ. ಗೊಣಗುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಮನೆತನದಲ್ಲೇ ಇಲ್ಲ.

ಪಕ್ಕದ ಮನೆಯ ಬಾಯಮ್ಮ ಎಪ್ಪತ್ತು ದಾಟಿದವರು. ಕ್ರೈಸ್ತರು, ಮನೆಮಾತು ಕೊಂಕಣಿ, ಹೊಲಿಗೆ ಕಲಿಸಿ ನಿವೃತ್ತರಾದವರು. ಎರಡೂ ಮಂಡಿ ನೋವಾದರೂ ಬೆಳಿಗ್ಗೆ ಆರಕ್ಕೆ ಇಗರ್ಜಿಯ ಪೂಜೆಗೆ ನಡೆದೇ ಹೋಗುತ್ತಿದ್ದರು. ಒಮ್ಮೆ ಅವರು ಬಿಂಬುಳಿ ಕೊಟ್ಟ ಪಾತ್ರೆಯನ್ನು ಖಾಲಿ ಮರಳಿಸಬಾರದೆಂದು ಎರಡು ಮುಳ್ಳುಸೌತೆ ಹಾಕಿ ಕೊಟ್ಟೆ. “ದೇವ್ ಬರೆಂ ಕರುಂ” ಎಂದರು. ಆಮೇಲೆ ಗಮನಿಸಿದರೆ, ಎಲ್ಲದಕ್ಕೂ ಅದೇ ಮಾತು. ಬಸ್ಸು ನಿಲ್ಲಿಸಿದ ಡ್ರೈವರನಿಗೆ, ಬಾವಿಯಿಂದ ಮೇಲೆ ಬಂದ ಕೊಡಪಾನಕ್ಕೆ, ಮೆಟ್ಟಿಲು ಹತ್ತಿಸಿದ ತಮ್ಮದೇ ಮಂಡಿಗೆ ಕೂಡ!

ತುಳು ಮನೆಯವಳಾದ ನನಗೆ ಕೊಂಕಣಿಯ ಗಂಧಗಾಳಿಯೂ ಇರಲಿಲ್ಲ. ಇಷ್ಟು ಖುಷಿಯಾಗಿರುವುದು ಹೇಗೆ ಎಂದು ಒಂದು ದಿನ ಕೇಳಿಯೇಬಿಟ್ಟೆ.

“ಎಂತ ಇಲ್ಲ ಮಾರಾಯ್ತಿ. ದಿನಕ್ಕೆ ಮೂರು ಸಲವಾದರೂ ದೇವ್ ಬರೆಂ ಕರುಂ ಆಗಬೇಕು. ಅಷ್ಟೇ ಉಂಟು,” ಎಂದರು.

ನನ್ನ ಕಿವಿಗೆ ಬಿದ್ದದ್ದು ‘ಬರೆ’ ಮಾತ್ರ. ಓಹೋ, ದಿನಕ್ಕೆ ಮೂರು ಒಳ್ಳೆಯ ವಿಷಯಗಳನ್ನು ದೇವರ ಹೆಸರಿನಲ್ಲಿ ಬರೆಯಬೇಕು ಎಂದು ಅರ್ಥಮಾಡಿಕೊಂಡು ಅದೇ ಸಂಜೆ ನೋಟುಪುಸ್ತಕ ತಂದೆ. ಬಿಂಬುಳಿ ಬರೆದಾಯಿತು. ಮುಂದೆ? ಕುರ್ಚಿಯಲ್ಲಿ ಕುಳಿತರೆ ಬರೀ ದೂರುಗಳೇ ಹೊಳೆಯುತ್ತಿದ್ದವು. ಮೂರು ಒಳ್ಳೆಯದನ್ನು ಹುಡುಕಲು ಹೊರಗೆ ಹೋಗಲೇಬೇಕಾಯಿತು. ಬಾಯಮ್ಮನ ಜೊತೆ ಇಗರ್ಜಿಯ ಗೇಟಿನವರೆಗೆ, ಅಲ್ಲಿಂದ ಒಬ್ಬಳೇ ಸ್ವರ್ಣಾ ನದಿಯ ಸೇತುವೆಯವರೆಗೆ. ‘ಮೂಲೆಮನೆಯ ನಾಯಿ ಬೊಗಳಲಿಲ್ಲ.’ ‘ಹೊಳೆಯ ಮೇಲೆ ಮಂಜು.’ ‘ಮೀನು ಮಾರುವವಳು ನಕ್ಕಳು.’ ನಡೆಯುತ್ತಿದ್ದೇನೆ ಎಂಬುದೇ ಮರೆತುಹೋಗುತ್ತಿತ್ತು.

ತಿಂಗಳು ಕಳೆದ ಮೇಲೆ ಬಾಯಮ್ಮ ದಾರಿಯಲ್ಲಿ ನನ್ನ ಕೈಯಲ್ಲಿದ್ದ ಪುಸ್ತಕ ತೋರಿಸಿ ಕೇಳಿದರು, “ಎಂತ ಬರೆಯುವುದು ನೀನು ಅದರಲ್ಲಿ?”

“ನೀವೇ ಹೇಳಿದ್ದಲ್ವಾ ಬಾಯಮ್ಮ, ದೇವ್ ಬರೆಂ ಅಂತ?”

ಅವರು ನಕ್ಕರು, ನಕ್ಕರು, ಮಂಡಿ ಹಿಡಿದುಕೊಂಡು ಮೋರಿಕಟ್ಟೆಯ ಮೇಲೆ ಕುಳಿತೇಬಿಟ್ಟರು. “ಅಯ್ಯೋ ಮಾರಾಯ್ತಿ, ಬರೆಂ ಅಂದ್ರೆ ಬರೆಯುವುದಲ್ಲ, ಒಳ್ಳೇದು! ದೇವರು ಒಳ್ಳೇದು ಮಾಡಲಿ ಅಂತ. ನಾವು ಥ್ಯಾಂಕ್ಸ್ ಹೇಳುವುದೇ ಹಾಗೆ!”

ನಾಚಿಕೆಯಿಂದ ಕುಗ್ಗಿಹೋದೆ. ಇನ್ನು ಬರೆಯುವುದಿಲ್ಲ ಎಂದೆ. ಅವರು ಕಣ್ಣೊರೆಸಿಕೊಂಡು ನನ್ನ ಕಾಲುಗಳತ್ತ ನೋಡಿದರು. ಅಮ್ಮನ ಕಥೆ ಅವರಿಗೆ ಗೊತ್ತಿತ್ತು.

“ನಿಲ್ಲಿಸಬೇಡ. ಹತ್ತು ಬೆರಳು ಉಂಟಲ್ಲ? ಇವತ್ತು ಅದನ್ನು ಬರೆ.”

ಬರೆದೆ. ಸ್ನಾನವಾದ ಮೇಲೆ ಬೆರಳುಗಳನ್ನು ಒಂದೊಂದಾಗಿ ನೋಡುವ ಅಭ್ಯಾಸ ಅಂದು ಶುರುವಾದದ್ದು, ಇವತ್ತಿಗೂ ತಪ್ಪಿಲ್ಲ. ಬಾಯಮ್ಮನ ಇನ್ನೊಂದು ಸಿದ್ಧಾಂತವೂ ಇತ್ತು: ಒಂದು ಗೋಳಿಬಜೆಗೆ ಸರಿಯಾಗಿ ಥ್ಯಾಂಕ್ಸ್ ಹೇಳಿ ನಿಧಾನವಾಗಿ ತಿಂದರೆ ಎರಡನೆಯದು ಬೇಡವಾಗುತ್ತದೆ. ಇದು ನನಗೆ ಪೂರ್ತಿ ಒಗ್ಗಲಿಲ್ಲ. ಎರಡಕ್ಕೆ ಥ್ಯಾಂಕ್ಸ್ ಹೇಳಿ ಮೂರನೆಯದನ್ನು ಬಿಡುತ್ತಿದ್ದೆ.

ಹೀಗೆ ಎರಡು ವರ್ಷ ನಡೆದೆವು. ಶುಗರ್ ಹಿಡಿತಕ್ಕೆ ಬಂತು. ಹೊಸ ರಕ್ತಪರೀಕ್ಷೆಯ ಚೀಟಿಯನ್ನು ತೋರಿಸಲು ಓಡಿದಾಗ ಬಾಯಮ್ಮ ಆಸ್ಪತ್ರೆಯ ಮಂಚದ ಮೇಲಿದ್ದರು. ಹೃದಯ ಸೋತಿತ್ತು. ಚೀಟಿಯನ್ನು ಹತ್ತಿರ ಹಿಡಿದು ಓದಿ, “ದೇವ್ ಬರೆಂ ಕರುಂ” ಎಂದರು. ಆಮೇಲೆ ಒಂದು ಕಣ್ಣು ಮಿಟುಕಿಸಿ, “ಬರೆ, ಬರೆ,” ಎಂದು ನಕ್ಕರು. ಅದೇ ವಾರ ಹೊರಟುಹೋದರು... ನಾನು ಮನಸಾರೆ ಅತ್ತೆ. ಪುಸ್ತಕ ಕಪಾಟು ಸೇರಿತು. ನಡಿಗೆಯನ್ನು ಮಾತ್ರ ಬಿಡಲಿಲ್ಲ.

ನಿನ್ನೆ ಸಂಜೆ ಕುಳಿತು ಆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ನಾಯಿ ಇದೆ, ಮಂಜು ಇದೆ, ಮೀನು ಮಾರುವವಳು ನಾಲ್ಕು ಸಲ ಇದ್ದಾಳೆ, ಕಿಟಕಿ ಬದಿ ಸಿಕ್ಕ ಬಸ್ಸಿನ ಸೀಟು ಕೂಡ ಇದೆ. ಬಾಯಮ್ಮ ಮಾತ್ರ ಒಂದು ಪುಟದಲ್ಲೂ ಇಲ್ಲ. ದಿನಾ ಪಕ್ಕದಲ್ಲೇ ನಡೆಯುತ್ತಿದ್ದವರನ್ನು ಬರೆಯಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಬಾಯಿಬಿಟ್ಟು ಹೇಳಿದ್ದೂ ಇಲ್ಲ. ಎರಡು ವರ್ಷ ಅಷ್ಟು ಸಲ ಕೇಳಿದ ಆ ಮೂರು ಶಬ್ದಗಳನ್ನು ಅವರಿಗೆ ಒಮ್ಮೆಯಾದರೂ ಹೇಳಬಹುದಿತ್ತು...

ಇವತ್ತು ಬೆಳಿಗ್ಗೆ ಪುಸ್ತಕದ ಖಾಲಿ ಪುಟ ತೆರೆದು ‘ಬಾಯಮ್ಮ’ ಎಂದು ಬರೆದೆ. ದಿನಕ್ಕೆ ಮೂರು ಆಗಬೇಕಲ್ಲ. ಎರಡನೆಯ ಸಾಲಿಗೂ ಅದನ್ನೇ ಬರೆದೆ, ಮೂರನೆಯ ಸಾಲಿಗೂ ಅದನ್ನೇ ಬರೆದೆ. ಆಮೇಲೆ ಬೂಟು ಕಟ್ಟಿಕೊಂಡು ಹೊರಟೆ.